ಸುಮ್ನ ಒಂದು ಪ್ಲಾನ್ ಗೀಚಿ ಕೊಡವ್ವ

ನಿಮ್ಮ ಅಕ್ಕನ ಮಗಳು ಆರ್ಕಿಟೆಕ್ಚರ್ ಓದ್ಲಿಕ್ಕತ್ಯಾಳ ಅಂತ ಗೊತ್ತಾದ ದಿನ ನೀವು ಏನು ಕೇಳಿದ್ರಿ, ನಾ ಹೇಳ್ಲೇನು? 'ಯಾಕವ್ವಾ, ಸಿವಿಲ್ ಸೀಟು ಸಿಗಲಿಲ್ಲೇನು?' (ಇಲ್ಲ ಅನ್ರಿ ನೋಡೋಣು!) ಐದು ವರ್ಷದ ಕೋರ್ಸು, ಸೇರಾಕ ನಾಟಾ ಪರೀಕ್ಷೆ ಬ್ಯಾರೆ ಅಂದ್ಲು. ಮನಿ ಚಿತ್ರ ಬರೀಲಿಕ್ಕೆ ಐದು ವರ್ಷ ಯಾಕ ಬೇಕು ಅಂತ ಹುಬ್ಬೇರಿಸಿದ್ರಿ.

ರಜಾಕ್ಕ ನಮ್ಮೂರು ಹುಣಸಗಿಗೆ ಬಂದಾಗ ಆಕಿ ಬೆರಳಿಗೆಲ್ಲ ಪಟ್ಟಿ. ಕಟರ್ ತಾಗಿದ್ದು. ರಾತ್ರಿಯೆಲ್ಲ ನಿದ್ದಿಗೆಟ್ಟು ಫೋಮ್ ಬೋರ್ಡಿನ ಮಾಡೆಲ್ ಮಾಡಿದ್ರ, ಜ್ಯೂರಿಯವ್ರು ಕೇಳಿದ್ದು ಒಂದೇ ಮಾತು: 'ನಿನ್ನ ಕಾನ್ಸೆಪ್ಟ್ ಏನು?' ನೀವರೆ ಕನಿಕರ ತೋರ್ಸಿದ್ರೇನು? 'ಛಂದ ಅದವ್ವಾ, ಚೌತಿಗೆ ಗಣಪತಿ ಕೂಡ್ಸಾಕ ಬರ್ತದ, ಇಲ್ಲೇ ಬಿಟ್ಟು ಹೋಗು' ಅಂದ್ರಿ.

ಕಡೀ ವರ್ಷದ ಥೀಸಿಸ್‌ಗೆ ನಮ್ಮ ಇಸಾಂಪುರದಾಗ ಮ್ಯೂಸಿಯಂ ಅಂದ್ಲು. 'ಅಲ್ಲೇನದವ್ವಾ, ಬರೀ ಕಲ್ಲು' ಅಂತ ನಕ್ಕವ್ರು ಯಾರು? ಆ ಬರೀ ಕಲ್ಲಿನ ಸಲುವಾಗೇ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವ್ರು ಹುಣಸಗಿ–ಬೈಚಬಾಳ ಬಯಲಾಗ ವರ್ಷಗಟ್ಟಲೆ ಅಡ್ಡಾಡಿದ್ರು. ಇಸಾಂಪುರದಾಗೇ ಸುಣ್ಣದ ಕಲ್ಲು ಒಡದು ಕೈಗೊಡ್ಲಿ ಮಾಡ್ತಿದ್ದ ಆದಿಮಾನವರ ಕಾರ್ಖಾನಿನೇ ಸಿಕ್ತು. ಅಲ್ಲಿ ಸಿಕ್ಕ ದನದ ಜಾತಿ ಪ್ರಾಣಿಯ ಹಲ್ಲು ಪರೀಕ್ಷಾ ಮಾಡಿದ್ರ ಸುಮಾರು 12 ಲಕ್ಷ ವರ್ಷ ಹಿಂದಿಂದು!

ಆ ಆದಿಮಾನವರು ಕಲ್ಲು ಎಲ್ಲದ, ನೀರು ಎಲ್ಲದ ನೋಡಿ ಜಾಗಾ ಹಿಡದ್ರು. ಆಕಿ ಕಾಲೇಜಿನಾಗ ಇದಕ್ಕ ಸೈಟ್ ಅನಾಲಿಸಿಸ್ ಅಂತಾರ. ನೀವು ಮನಿಗೆ ಜಾಗಾ ಹಿಡದದ್ದು ಹ್ಯಾಂಗ? ಪಕ್ಕದ ಪ್ಲಾಟು ನಿಮ್ಮ ಬೀಗರು ತಗೊಂಡ್ರು ಅಂತ. (ಹೌದಲ್ಲೋ?)

ಮುಂದ ಆಕಿ ಟ್ರೇನಿಂಗ್‌ಗೆ ಬೆಂಗಳೂರಿಗೆ ಹೋದ್ಲು. ನೀವು ಚಾದ ಅಂಗಡ್ಯಾಗ ಕುಂತು 'ನಮ್ಮ ಹುಡುಗಿ ಇಪ್ಪತ್ತು ಅಂತಸ್ತಿನ ಬಿಲ್ಡಿಂಗ್ ಕಟ್ಲಿಕ್ಕತ್ಯಾಳ' ಅಂತ ಹೇಳಿದ್ದೇ ಹೇಳಿದ್ದು. ಖರೇ ಏನಂದ್ರ, ಆ ಇಪ್ಪತ್ತೂ ಅಂತಸ್ತಿನ ಟಾಯ್ಲೆಟ್ ಟೈಲ್ಸಿನ ಡ್ರಾಯಿಂಗು ಆಕಿ ಪಾಲಿಗೆ ಬಂದಿದ್ವು. ಹೊಸಬರಿಗೆ ಕೊಡೋದೇ ಅದು. ನಲ್ಲಿ ಎಲ್ಲಿ, ಇಳಿಜಾರು ಎತ್ತಾಗ, ಬಾಗಲಾ ತೆಗದ್ರ ಕಮೋಡಿಗೆ ಬಡೀತದೋ ಇಲ್ಲೋ. ಕಾನ್ಸೆಪ್ಟ್ ಯಾರೂ ಕೇಳಲಿಲ್ಲ.

ಈಗ ಬರೋಣು ನಿಮ್ಮ ಮನಿಗೆ. ನಾರಾಯಣಪುರ ಕಾಲುವಿ ನೀರು ಬಂತು, ಭತ್ತ ಬಂತು, ಕೈಯಾಗ ನಾಕು ದುಡ್ಡು ಆಡಿದ್ವು. 'ಸುಮ್ನ ಒಂದು ಪ್ಲಾನ್ ಗೀಚಿ ಕೊಡವ್ವ' ಅಂತ ಲಗ್ನಪತ್ರಿಕಿ ಹಿಂಬದಿ ಚಾಚಿದ್ರಿ. ಮೊಬೈಲಿನಾಗ ದೊಡ್ಡ ಗಾಜಿನ ಮನಿ ಫೋಟೋ ಬ್ಯಾರೆ, ಗಾಜು ಪಡುವಣ ಬಾಜೂಕ್ಕೇ ಬೇಕು, ಯಾಕಂದ್ರ ರಸ್ತಾ ಅಲ್ಲದ! ಬ್ಯಾಸಗ್ಯಾಗ 40 ಡಿಗ್ರಿ ದಾಟೋ ಊರ್ರೀ ಇದು. ದಪ್ಪ ಕಲ್ಲಿನ ಗೋಡಿ, ಮಣ್ಣಿನ ಮಾಳಿಗಿ, ಬೆಳಕಿಂಡಿ ಇಟ್ಟ ನಿಮ್ಮ ಮುತ್ಯಾ ಹುಚ್ಚನಾ?

ಆಕಿ ಇನ್ನೊಂದು ಮಾತು ಹೇಳಿದ್ಲು. ಎರಿ ಮಣ್ಣು ಮಳಿಗಾಲಕ್ಕ ನೀರು ಕುಡದು ಉಬ್ಬತದ, ಬ್ಯಾಸಗಿಗೆ ಒಣಗಿ ಬಿರೀತದ. ಪಾಯಾ ಆಳಕ್ಕ ಇಳಸ್ರಿ, ಎರಿ ತೆಗದು ಗರಸು ತುಂಬ್ರಿ ಅಂತ. ನೀವು ಗೌಂಡಿ ಮಾರಿ ನೋಡಿದ್ರಿ, ಗೌಂಡಿ ನಿಮ್ಮ ಮಾರಿ ನೋಡಿದ. 'ಪಾಯಾ ಯಾರು ನೋಡ್ತಾರ?' ಅಂದು ಆ ರೊಕ್ಕಾ ಎಲಿವೇಶನ್ನಿಗೆ ಸುರದ್ರಿ.

ಕಾನೂನೂ ನಿಮ್ಮ ಕಡೇನೇ ಅದ, ಹೆದರಬ್ಯಾಡ್ರಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ 'ಆರ್ಕಿಟೆಕ್ಟ್' ಅಂತ ಬೋರ್ಡು ಹಾಕ್ಕೊಳ್ಳಾಕ ನೋಂದಣಿ ಬೇಕು. ಆ ಕೆಲಸ ಮಾಡಾಕ ಅಲ್ಲ. 2020ರಾಗ ಸುಪ್ರೀಂ ಕೋರ್ಟೂ ಹಂಗೇ ಹೇಳ್ತು. ಐದು ವರ್ಷ ಓದಿ ಆಕಿ ಗಳಿಸಿದ್ದು ಹೆಸರು. ಗೆರಿ ಎಳಿಯೋ ಹಕ್ಕು ನಿಮ್ಮ ಗೌಂಡಿಗೂ ಅದ.

ವಾಸ್ತು ಹೇಳಿದವ ಅಡಗಿ ಮನಿ ಜಾಗಾ ಬದಲಿಸಿದ, ಎಲಿ ಅಡಕಿ ಜೋಡಿ ದಕ್ಷಿಣಿ ಕೊಟ್ರಿ. ಅದರ ಸಲುವಾಗಿ ಪೂರಾ ಡ್ರಾಯಿಂಗು ತಿದ್ದಿದಾಕಿಗೆ ಒಂದು ಕಪ್ ಚಾ. 'ಮನಿ ಹುಡುಗಿಗೆ ಎಂಥಾ ಫೀಜು!' ಅಂದ್ರಿ.

ಹೋದ ವಾರ ಬೆಡ್‌ರೂಮಿನ ಗೋಡಿ ಬಿರುಕು ಬಿಟ್ಟಿದ್ದು ಫೋಟೋ ಹೊಡದು ಆಕಿಗೆ ವಾಟ್ಸಾಪ್ ಮಾಡಿದ್ರಿ ಅಲ್ಲಾ? ಉತ್ತರಾ ಬಂದದ, ತೆಗದು ನೋಡ್ರಿ. ಸೈಟ್ ವಿಸಿಟ್ಟಿಗೆ ಎಷ್ಟು ಅಂತ ಬರದಾಳ. ಜಿಎಸ್‌ಟಿ ಬ್ಯಾರೆ.