ಮೂವತ್ತು ತಿಂಗಳ ಸಿಂಹಾಸನ

ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯ ಕಟ್ಟೆಯೊಂದರ ಮೇಲೆ, ಗ್ರಾಮ ಪಂಚಾಯಿತಿಯ ಅಧ್ಯಕ್ಷಪದವಿಗೆ ವಿಧಿಸಿರುವ 30 ತಿಂಗಳ ಮಿತಿಯನ್ನು ಕುರಿತು ಗೌಡರಿಗೂ ಮಾಸ್ತರರಿಗೂ ನಡೆದ ವಾಗ್ವಾದವು, ಅವರಲ್ಲಿ ಯಾರೊಬ್ಬರೂ ಸದಸ್ಯರಲ್ಲದ ಕಾರಣ, ಶಾಂತವಾಗಿಯೇ ಸಾಗಿತು.

“ಒಬ್ಬನೇ ಐದು ವರ್ಷ ಕುಳಿತರೆ ಒಂದು ಗಟಾರವಾದರೂ ಪೂರ್ಣವಾದೀತು, ಮಾಸ್ತರರೇ. ಈಗ ಆರಂಭದ ಆರು ತಿಂಗಳು ಸನ್ಮಾನಕ್ಕೆ, ಕಡೆಯ ಆರು ತಿಂಗಳು ಬೀಳ್ಕೊಡುಗೆಗೆ!”

“ಆದರೆ ಗೌಡರೇ, ಅರ್ಧಾವಧಿಯಿಂದ ಮೀಸಲಾತಿಯ ಸರದಿ ಇಬ್ಬರಿಗಾದರೂ ಒದಗುತ್ತದಲ್ಲವೇ?”

“ಇಬ್ಬರೆಲ್ಲಿ? ದೇವರ ಮುಂದೆ ಆಣೆಯಿಟ್ಟು ಆ 30ನ್ನೂ ಮೂರು ಪಾಲು ಮಾಡಿಕೊಳ್ಳುವ ಊರುಗಳುಂಟು. ಆಣೆಯನ್ನು ಮೊದಲು ಮರೆಯುವವನು ಮೊದಲ ಪಾಲಿನವನೇ.”

“ಪಾಲಿನ ಮಾತಿರಲಿ, ಒಬ್ಬನೇ ಅಧಿಕಾರಕ್ಕೆ ಅಂಟಿಕೊಂಡು ಕೂರಬಾರದೆಂದು ಮೆಕ್ಸಿಕೋ ದೇಶದವರು ರಾಷ್ಟ್ರಾಧ್ಯಕ್ಷನಿಗೆ ಆರು ವರ್ಷಗಳ ಒಂದೇ ಅವಧಿಯನ್ನು ಕೊಟ್ಟಿದ್ದಾರೆ. ಆದರೆ ಮತದಾರನ ಭಯ ತೊಲಗಿದವನಿಗೆ ಧೈರ್ಯದಂತೆಯೇ ನಿರ್ಲಜ್ಜತೆಯೂ ಸುಲಭ.”

“ನಮ್ಮ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರಿಗೂ ಮೊದಲಿದ್ದ 20 ತಿಂಗಳನ್ನು ಐದು ವರ್ಷಕ್ಕೆ ಏರಿಸಿದರಲ್ಲ, ಫಲವೇನಾಯಿತು?”

“2016ರಲ್ಲಿ ಆರಿಸಿಬಂದವರ ಅವಧಿ 2021ರಲ್ಲಿ ತೀರಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಗೌಡರೇ, ಆ ಕುರ್ಚಿಯ ಕೆಲಸವನ್ನು ಅವಧಿಯ ಚಿಂತೆಯೇ ಇಲ್ಲದ ಆಡಳಿತಾಧಿಕಾರಿಗಳು ನೋಡಿಕೊಂಡರು.”