ಐದೇ ನಿಮಿಷದ ಯಜಮಾನರು

ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿ ಯಜಮಾನರ ಗಡಿಯಾರದಲ್ಲಿ ಇರುವುದು ಒಂದೇ ಅಳತೆ: ‘ಐದೇ ನಿಮಿಷ’. ಪೈಪು ಕತ್ತರಿಸಲು ಐದೇ ನಿಮಿಷ, ಬಣ್ಣ ಬೆರೆಸಲು ಐದೇ ನಿಮಿಷ, ಊಟಕ್ಕೆ ಬನ್ನಿ ಎಂದು ಮನೆಯಿಂದ ಫೋನ್ ಬಂದರೂ ಐದೇ ನಿಮಿಷ. ಆ ಊಟ ನಾಲ್ಕಕ್ಕೆ. ಬ್ರಹ್ಮನ ಒಂದು ಹಗಲೆಂದರೆ ನಮ್ಮ 432 ಕೋಟಿ ವರ್ಷ ಎನ್ನುವ ಪುರಾಣದ ಲೆಕ್ಕದಲ್ಲಿ ನನಗೆ ನಂಬಿಕೆ ಹುಟ್ಟಿದ್ದೇ ಈ ಅಂಗಡಿಯ ಮುಂದೆ ನಿಂತ ಮೇಲೆ.

ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ಆದರೆ ಹುಡುಗರಿಗೆ ಬಿಟ್ಟರೆ ಕೆಟ್ಟಿತು ಎಂಬುದು ಯಜಮಾನರ ಸಿದ್ಧಾಂತ. ಹಾಗಾಗಿ ಎರಡು ಟನ್ ಕಂಬಿ ಕೇಳಿಕೊಂಡು ಬಂದ ಮೇಸ್ತ್ರಿಯನ್ನು ಬಿಸಿಲಲ್ಲಿ ನಿಲ್ಲಿಸಿ, ನನ್ನ ಐದು ರೂಪಾಯಿಯ ನಲ್ಲಿ ವಾಷರ್ ಹುಡುಕಲು ತಾವೇ ಸ್ಟೂಲ್ ಹತ್ತುತ್ತಾರೆ. “ಎಲ್ಲಿದೆ ಅಂತ ನಂಗೊಬ್ಬನಿಗೇ ಗೊತ್ತು ಸಾರ್.” ಗೊತ್ತಿರುವುದಿಲ್ಲ. ಮೂಲೆಯಲ್ಲಿ ಮೊಳೆ ತೂಗುವ ಹುಡುಗನಿಗೆ ಗೊತ್ತು. ಅವನು ಬಾಯಿ ಬಿಡುವುದಿಲ್ಲ.

ಹೋದ ವರ್ಷ ವರ್ತಕರ ಸಂಘದವರು ಟೈಮ್ ಮ್ಯಾನೇಜ್‌ಮೆಂಟ್ ಬಗ್ಗೆ ಉಪನ್ಯಾಸ ಇಟ್ಟಿದ್ದರು. ಇವರು ಓಡಿ ಹೋಗಿ ವಂದನಾರ್ಪಣೆಗೆ ಸಿಕ್ಕಿದರು. ಅಲ್ಲಿ ಹಂಚಿದ ಡೈರಿಯಲ್ಲಿ ಪುಟಕ್ಕೆ ನಾಲ್ಕು ಚೌಕ: ಅರ್ಜೆಂಟಾದದ್ದು, ಮುಖ್ಯವಾದದ್ದು, ಎರಡೂ ಹೌದು, ಎರಡೂ ಅಲ್ಲ. ಈಗ ಅದೇ ಉದ್ರಿ ಪುಸ್ತಕ. ‘ಎರಡೂ ಅಲ್ಲ’ ಚೌಕದಲ್ಲಿ ನನ್ನ ಹೆಸರಿದೆ.

ಹಾಗಂತ ಶಿಸ್ತೇ ಇಲ್ಲ ಎಂದರೆ ಪಾಪ ಸುತ್ತಿಕೊಳ್ಳುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಸೋಮವಾರ ಏಳೂವರೆಯೊಳಗೆ ಶಟರ್ ಎತ್ತಲಾಗದಿದ್ದರೆ ಒಂಬತ್ತರ ತನಕ ಮುಟ್ಟುವುದಿಲ್ಲ. ರಾಹುಕಾಲದ ವಿಷಯದಲ್ಲಿ ಯಜಮಾನರದು ರೈಲ್ವೆಗೂ ಇಲ್ಲದ ಕಟ್ಟುನಿಟ್ಟು.

ಮೊನ್ನೆ 20ನೇ ತಾರೀಕು, ಮಂಗಳವಾರ. ತಿಂಗಳ ಜಿಎಸ್‌ಟಿ ರಿಟರ್ನ್‌ಗೆ ಕಡೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಮೂರು ಗಂಟೆ ಐದು ನಿಮಿಷಕ್ಕೆ ಆಡಿಟರ್ ಫೋನು.

“ನಿಮ್ಮ ಮೊಬೈಲಿಗೆ ಒಟಿಪಿ ಬಂದಿದೆ, ಬೇಗ ಹೇಳಿ.”

ಯಜಮಾನರು ಕ್ಯಾಲೆಂಡರಿನತ್ತ ತಿರುಗಿದರು. ಮಂಗಳವಾರ, ಮೂರರಿಂದ ನಾಲ್ಕೂವರೆ.

“ಸರ್ಕಾರಕ್ಕೆ ದುಡ್ಡು ಹೋಗೋ ವಿಷಯ. ಈ ಹೊತ್ತಲ್ಲಿ ಬೇಡಿ.”

“ಅಲ್ಲೀತನಕ ಒಟಿಪಿ ಇರಲ್ಲ ಸ್ವಾಮಿ! ಸಂಜೆ ಪೋರ್ಟಲ್ಲೂ ಮಲಗುತ್ತೆ!”

“ನಾಲ್ಕೂವರೆ ಮೇಲೆ ಹೊಸದು ಕಳ್ಸಿ, ಐದೇ ನಿಮಿಷದಲ್ಲಿ ಹೇಳ್ತೀನಿ,” ಎಂದವರೇ ಫೋನಿಟ್ಟು, ಸ್ಟೂಲ್ ಎಳೆದುಕೊಂಡು, ನೆಮ್ಮದಿಯಾಗಿ ನನ್ನ ಕಡೆ ನೋಡಿದರು.

“ಅರ್ಧ ಇಂಚಾ ಸಾರ್, ಮುಕ್ಕಾಲಾ?”