ಚಂದಾ ಎಂಬ ಮುಯ್ಯಿ

ನಮ್ಮ ಕವಲಂದೆಯಲ್ಲಿ ಇಮೇಲ್ ವಿಳಾಸ ಇಲ್ಲದವರಿಲ್ಲ. ತಮ್ಮ ಇಮೇಲ್ ವಿಳಾಸ ಗೊತ್ತಿರುವವರೂ ಇಲ್ಲ. ಈ ಕಾಲದ ಫೋನಿಗೆ ಜೀವ ಬರಬೇಕಾದರೆ ಮೊದಲು ಒಂದು ಇಮೇಲ್ ಬೇಕು. ಹಾಗಾಗಿ ಫೋನು ಕೊಂಡ ದಿನವೇ ಮೊಬೈಲ್ ಅಂಗಡಿಯ ಹುಡುಗ ಗಿರಾಕಿಯ ಹೆಸರಿಗೆ ಬೈಕಿನ ನಂಬರನ್ನೋ ತನಗೆ ತೋಚಿದ ಅಂಕಿಯನ್ನೋ ಸೇರಿಸಿ ಒಂದು ವಿಳಾಸ ಹುಟ್ಟಿಸುತ್ತಾನೆ. ಪಾಸ್‌ವರ್ಡನ್ನು ತನ್ನ ತಲೆಯಲ್ಲೇ ಇಟ್ಟುಕೊಂಡು, ಸ್ಕ್ರೀನ್‌ಗಾರ್ಡ್ ಅಂಟಿಸಿ, ಫೋನನ್ನು ಮಾತ್ರ ಕೈಗೆ ಕೊಡುತ್ತಾನೆ. ಹೀಗೆ ಊರಿಗೆ ಊರೇ ವಿಳಾಸವಂತವಾಗಿದ್ದೂ ಅದರ ಅರಿವಿಲ್ಲದೆ ನೆಮ್ಮದಿಯಾಗಿತ್ತು.

ಆ ನೆಮ್ಮದಿಗೆ ಕಲ್ಲು ಹಾಕಿದವನು ನಾನು. ಮೈಸೂರಿನ ನೌಕರಿ ಮುಗಿಸಿ ಊರು ಸೇರಿದ ಮೇಲೆ, ವಾರಕ್ಕೊಮ್ಮೆ ಇಮೇಲಿನಲ್ಲಿ ಹೋಗುವ ನ್ಯೂಸ್‌ಲೆಟರ್ ಒಂದನ್ನು ಶುರುಮಾಡಿದೆ. ಉಪಾಯ ಹೇಳಿಕೊಟ್ಟವಳು ಬೆಂಗಳೂರಿನಲ್ಲಿರುವ ಅಣ್ಣನ ಮಗಳು. "ಚಿಕ್ಕಪ್ಪ, ನೀವು ಮಾತಾಡೋದನ್ನ ಹಾಗೇ ಬರೆದರೆ ಸಾಕು, ಜಗತ್ತೇ ಓದುತ್ತೆ" ಎಂದಳು. ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿರಲಿಲ್ಲವಾದ್ದರಿಂದ, ಜಗತ್ತಿನ ಮೇಲೆ ಭರವಸೆ ಇಡದೆ ನನಗೂ ಬೇರೆ ದಾರಿ ಇರಲಿಲ್ಲ.

'ಕವಲಂದೆ ಕಾಗದ' ಎಂದು ಹೆಸರಿಟ್ಟೆ. ಹೆಸರಿಟ್ಟ ವಾರವೇ ತಕರಾರು ಬಂತು. ನಮ್ಮಲ್ಲಿ ದೊಡ್ಡ ಕವಲಂದೆ, ಚಿಕ್ಕ ಕವಲಂದೆ ಎಂದು ಎರಡಿವೆ. "ಇದು ಯಾವ ಕವಲಂದೇದು?" ಎಂದು ಚಿಕ್ಕ ಕವಲಂದೆಯವರು ಕೇಳಿದರು. ಎರಡರದ್ದೂ ಎಂದೆ. "ಹಂಗಾದ್ರ ಮೊದಲ್ನೇ ಕಾಗ್ದದಲ್ಲಿ ದೊಡ್ಡೋರ ಸುದ್ದಿ ನಾಕು, ನಮ್ದು ಒಂದೇ ಯಾಕ?" ಎಂದರು. ಅಂದಿನಿಂದ ಹಾಲು ಹಂಚುವವನ ಹಾಗೆ ಅಳೆದು ಸುದ್ದಿ ಹಾಕುತ್ತಿದ್ದೇನೆ. ದೊಡ್ಡ ಕವಲಂದೆಯಲ್ಲಿ ಒಂದು ಮದುವೆಯಾದರೆ, ಚಿಕ್ಕ ಕವಲಂದೆಯಲ್ಲಿ ಕನಿಷ್ಠ ಒಂದು ಹಸುವಾದರೂ ಕರು ಹಾಕಬೇಕು.

ಕೆಲಸ ನಡೆದೀತು ಎಂದು ನಂಬಲು ನನಗೆ ಚರಿತ್ರೆಯ ಆಸರೆಯೂ ಇತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವರು ಹರ್ಮನ್ ಮೊಗ್ಲಿಂಗ್. ಅಚ್ಚುಮೊಳೆಗಳಿಲ್ಲದೆ, ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದರು. ಆ ಪತ್ರಿಕೆಯೂ ವರ್ಷ ತುಂಬುವುದರೊಳಗೆ ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿಕೊಂಡಿತು. ಮೊಗ್ಲಿಂಗ್ ಸಾಹೇಬರಿಗೇ ಮೊದಲ ವರ್ಷ ಹೀಗಿದ್ದ ಮೇಲೆ ನನ್ನದೇನು? ಇನ್ನು ನಮ್ಮ ಮೈಸೂರಿನ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ'. ವರದರಾಜ ಅಯ್ಯಂಗಾರ್ಯರು 1970ರಲ್ಲಿ ಶುರುಮಾಡಿದ್ದು. ಓದುಗರು ದೇಶದ ಮೂಲೆಮೂಲೆಯಲ್ಲಿ ಚದುರಿರುವುದರಿಂದ ದಿನಪತ್ರಿಕೆಯಾದರೂ ಅಂಚೆಯಲ್ಲೇ ಹೋಗುತ್ತಿತ್ತು. ಇವತ್ತಿನ ಸುದ್ದಿ ಕಾಶಿ ತಲುಪುವ ಹೊತ್ತಿಗೆ ಎಷ್ಟು ಹಳತಾಗಿರಬೇಡ! ಆದರೂ ಚಂದಾದಾರರಿದ್ದರು. ಸಂಸ್ಕೃತಕ್ಕೆ ಸಿಕ್ಕ ಓದುಗರು ಕವಲಂದೆ ಕನ್ನಡಕ್ಕೆ ಸಿಗರೇ ಎಂದುಕೊಂಡೆ.

ಸಿಕ್ಕರು. ಆದರೆ ಅವರು ಓದುಗರಲ್ಲ ಎನ್ನುವುದು ತಿಳಿಯಲು ತಡವಾಯಿತು.

ವಿಳಾಸ ಸಂಗ್ರಹಿಸಲು ಮನೆಮನೆಗೆ ಹೋದೆ. ಎಲ್ಲರೂ ಕಾಫಿ ಕೊಟ್ಟು, ಫೋನನ್ನೇ ನನ್ನ ಕೈಗಿಟ್ಟು, "ನೀವೇ ಹುಡ್ಕಳಿ" ಎಂದರು. ಸಿಗದಿದ್ದಾಗ ಮೊಬೈಲ್ ಅಂಗಡಿಯ ಹುಡುಗನನ್ನು ಕೇಳಿದೆ. ಇಡೀ ಊರಿನ ಪಟ್ಟಿ ಅವನ ನಾಲಗೆಯ ತುದಿಯಲ್ಲಿತ್ತು. ಚಂದಾ ಏರಿತು. ಅಣ್ಣನ ಮಗಳು ಫೋನಿನಲ್ಲಿ "ಸೂಪರ್ ಗ್ರೋತ್ ಚಿಕ್ಕಪ್ಪ!" ಎಂದಳು. ಮಾರನೆಯ ವಾರ ಬಸ್ ಸ್ಟಾಪಿನಲ್ಲಿ ಒಬ್ಬರು ತಡೆದು ನಿಲ್ಲಿಸಿದರು. "ನಾ ಸೇರ್ಕಂಡಿನಿ ಕನಪ್ಪ. ಮುಂದ್ಲ ತಿಂಗ್ಳು ಮಗೀದು ಮದ್ವ, ತಪ್ಪುಸ್ಬ್ಯಾಡ." ಇನ್ನೊಬ್ಬರು, "ನಮ್ಮವ್ವನ ತಿಥಿಗ ನಾಕು ಸಾಲು ಹಾಕು" ಎಂದರು. ಮತ್ತೊಬ್ಬರ ಬೋರ್‌ವೆಲ್ಲಿಗೆ ನೀರು ಬಿದ್ದಿತ್ತು. ಅದನ್ನು ಪಕ್ಕದ ಜಮೀನಿನವನು ಓದಲೇಬೇಕಿತ್ತು.

ಆಗ ಹೊಳೆಯಿತು. ನಮ್ಮ ಕಡೆ ಚಂದಾ ಎಂದರೆ ಮುಯ್ಯಿ. ಮದುವೆಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವರು ನೋಟ್‌ಬುಕ್ಕಿನಲ್ಲಿ ಊರು, ಹೆಸರು, ಮೊತ್ತ ಬರೆದುಕೊಳ್ಳುವುದಿಲ್ಲವೇ, ಇದೂ ಹಾಗೆಯೇ. ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ಬಿದ್ದ ಗಳಿಗೆಯಿಂದ ನೀವು ಸಾಲಗಾರರು. ಎಷ್ಟೋ ವರ್ಷವಾದ ಮೇಲೆ ಅವರ ಮನೆಗೆ ಹೊರಡುವ ಮುನ್ನ ಹಳೆಯ ಪುಸ್ತಕ ತೆಗೆದು, ಅವರು ಹಾಕಿದ್ದೆಷ್ಟು ಎಂದು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ತೀರಿಸಬೇಕು. ಕಾಗದ ಕಳಿಸಲು ಅಣ್ಣನ ಮಗಳು ಹೊಂದಿಸಿಕೊಟ್ಟ ಯಂತ್ರದಲ್ಲಿ ಈ ಲೆಕ್ಕಕ್ಕೆ ಖಾನೆಯೇ ಇಲ್ಲ.

ಯಂತ್ರದ ಲೆಕ್ಕವೇ ಬೇರೆ. ಅದು ಪ್ರತಿ ಕಾಗದದೊಳಗೂ ಕಣ್ಣಿಗೆ ಕಾಣದ, ಚುಕ್ಕಿಗಿಂತ ಚಿಕ್ಕದಾದ ಒಂದು ಚಿತ್ರವನ್ನು ಅಡಗಿಸಿ ಕಳಿಸುತ್ತದೆ. ಓದುಗ ಕಾಗದ ತೆರೆದೊಡನೆ ಆ ಚಿತ್ರ ಸರ್ವರಿನಿಂದ ಇಳಿದು ಬರಬೇಕು. ಇಳಿದರೆ 'ಓದಿದರು' ಎಂದು ಗುರುತು ಬೀಳುತ್ತದೆ. 2021ರಲ್ಲಿ ಆ್ಯಪಲ್ ಕಂಪನಿಯವರು, ಓದುಗರ ಗುಟ್ಟು ಬಯಲಾಗಬಾರದೆಂದು, ಕಾಗದ ಬಂದ ಕೂಡಲೇ ಆ ಚಿತ್ರವನ್ನು ತಾನೇ ಇಳಿಸಿಡುವ ಏರ್ಪಾಡನ್ನು ಐಫೋನಿಗೆ ತಂದರು. ಅಂದರೆ ಐಫೋನು ಇದ್ದವರಲ್ಲಿ ಎಷ್ಟೋ ಮಂದಿ ಓದದೆಯೇ ಓದಿದವರಾದರು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ನನ್ನ ಪಟ್ಟಿಯ ಪರಮಭಕ್ತ. ಒಂದು ವಾರವೂ ತಪ್ಪಿಸಿಲ್ಲ ಎನ್ನುತ್ತದೆ ಯಂತ್ರ. ಹಿಗ್ಗಿ ಫೋನು ಮಾಡಿದರೆ, "ಮಾವ, ಓದಬೇಕು ಅಂತಲೇ ಎಲ್ಲಾ ಹಾಗೇ ಇಟ್ಟಿದ್ದೀನಿ" ಎಂದ. ಇತ್ತ ನಮ್ಮ ಪಕ್ಕದ ಬೀದಿಯ ನಿವೃತ್ತ ಟೀಚರಮ್ಮ ಡೇಟಾ ಉಳಿಸಲು ಫೋನಿನಲ್ಲಿ ಚಿತ್ರ ಬರುವುದನ್ನೇ ನಿಲ್ಲಿಸಿದ್ದಾರೆ. ಅಕ್ಷರ ಬಿಡದೆ ಓದುತ್ತಾರೆ. ಒತ್ತಕ್ಷರ ತಪ್ಪಿದರೆ ದಾರಿಯಲ್ಲಿ ನಿಲ್ಲಿಸಿ ಬಯ್ಯುತ್ತಾರೆ. ಯಂತ್ರದ ಪ್ರಕಾರ ಅವರು ಇದುವರೆಗೆ ಒಂದು ಸಾಲೂ ಓದಿಲ್ಲ. 'ಈ ಚಂದಾದಾರರಲ್ಲಿ ಜೀವವಿಲ್ಲ, ತೆಗೆದುಹಾಕಿ' ಎಂದು ತಿಂಗಳಿಗೊಮ್ಮೆ ನನಗೆ ಸಲಹೆ ಕೊಡುತ್ತದೆ. ಟೀಚರಮ್ಮನಿಗೆ ಇದನ್ನು ಹೇಳುವ ಧೈರ್ಯ ಯಂತ್ರಕ್ಕಿರಬಹುದು, ನನಗಿಲ್ಲ.

ಕಾಗದ ಹೋಗಿ ಸೇರುವ ಜಾಗವೂ ಗೌರವದ್ದಲ್ಲ. ಸಾಲ ಬೇಕೇ, ಹಾಸಿಗೆ ಬೇಕೇ, ಕೂದಲು ಉದುರುತ್ತಿದೆಯೇ ಎನ್ನುವ ಜಾಹೀರಾತುಗಳ ಖಾನೆಯಲ್ಲಿ, ಅವುಗಳ ಸಂದಿಯಲ್ಲಿ ಅದು ಮುದುಡಿ ಕೂತಿರುತ್ತದೆ. ಹೀಗಾಗಿ ವಾಟ್ಸ್‌ಆ್ಯಪಿನ ಮೊರೆಹೊಕ್ಕೆ. ಅಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಎಂಬುದಿದೆ. ಒಂದು ಪಟ್ಟಿಗೆ 256 ಮಂದಿ. ಆದರೆ ಒಂದು ಷರತ್ತು: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಊರಿನಲ್ಲಿ ನನ್ನ ಬೆಲೆ ಎಷ್ಟು ಎಂದು ಇಷ್ಟು ಖಡಾಖಂಡಿತವಾಗಿ ತಿಳಿಸಿದ ಸಾಧನ ಇನ್ನೊಂದಿಲ್ಲ. "ನಿಮ್ಮ ಕಾಗ್ದ ಬೋ ಪಸಂದಾಗದ, ಪ್ರತೀ ವಾರ ಓದ್ತೀನಿ" ಎಂದು ತೋಳು ಹಿಡಿದು ಹೊಗಳಿದವರ ಹೆಸರಿನ ಮುಂದೆ ಒಂಟಿ ಗೆರೆ ಹಾಗೇ ನಿಂತಿತ್ತು. ಎರಡು ನೀಲಿ ಗೆರೆ ಬಿದ್ದದ್ದು, ದಾಯಾದಿ ವ್ಯಾಜ್ಯದಿಂದ ಹತ್ತು ವರ್ಷ ಮಾತು ಬಿಟ್ಟವರ ಹೆಸರಿನ ಮುಂದೆ. ಮಾತು ಬಿಟ್ಟರೂ ನಂಬರು ಬಿಟ್ಟಿರಲಿಲ್ಲ.

ಏನು ಬರೆಯಬೇಕು ಎನ್ನುವುದನ್ನೂ ಓದುಗರೇ ಕಲಿಸಿದರು. ಮೊದಲಲ್ಲಿ ನಾನು 'ಮೌನದ ಮಹತ್ವ' ಎಂಬ ಚಿಂತನೆ ಬರೆದಿದ್ದೆ. ಓದುಗರು ಅದನ್ನು ಪೂರ್ತಿ ಅರ್ಥಮಾಡಿಕೊಂಡರು. ಒಬ್ಬರೂ ಉತ್ತರ ಬರೆಯಲಿಲ್ಲ. ಇನ್ನೊಂದು ವಾರ ವಿಷಯ ತೋಚದೆ ನಂಜನಗೂಡು ರಸಬಾಳೆಯ ಬಗ್ಗೆ ನಾಲ್ಕು ಸಾಲು ಹಾಕಿದೆ. ಜಿಐ ಮಾನ್ಯತೆ ಸಿಕ್ಕಿರುವ ಹಣ್ಣು. ಪನಾಮಾ ಸೊರಗು ರೋಗ ಬಡಿದು ತೋಟಗಳೇ ಖಾಲಿಯಾದವು. ಮಣ್ಣಿನಲ್ಲೇ ಉಳಿಯುವ ಶಿಲೀಂಧ್ರವಾದ್ದರಿಂದ ಗಿಡ ಕಿತ್ತು ಹೊಸದು ನೆಟ್ಟರೂ ಬಿಡುವುದಿಲ್ಲ, ಇಷ್ಟೇ. ಉತ್ತರಗಳ ಮಳೆ ಸುರಿಯಿತು. ಮೆಲ್ಬೋರ್ನಿನಿಂದ ಒಬ್ಬರು ಕಂದು ಕಳಿಸಲು ಆದೀತೇ ಎಂದು ಕೇಳಿದರು. ಮೈಸೂರಿನವರೊಬ್ಬರಿಗೆ ತಮ್ಮ ಅಜ್ಜಿಯ ನೆನಪಾಗಿ, ಅವರಿಂದ ನನ್ನ ಕಾಗದಕ್ಕಿಂತ ಉದ್ದದ ಕಾಗದ ಬಂತು. ದೇವರಸನಹಳ್ಳಿ ಕಡೆಯವರೊಬ್ಬರು, ನಾನು ಮಾರ್ಕೆಟ್ಟಿನಲ್ಲಿ ಕೊಂಡು ತಿಂದು ಹೊಗಳಿದ್ದು ರಸಬಾಳೆಯೇ ಅಲ್ಲ ಎಂದು ಎರಡೇ ಸಾಲಿನಲ್ಲಿ ತೀರ್ಪು ಕೊಟ್ಟರು.

ಅದಕ್ಕೂ ಹೆಚ್ಚು ಓದಿಸಿಕೊಳ್ಳುವುದು ಕೊನೆಯಲ್ಲಿ ನಾನು ಹಾಕುವ ರೈಲಿನ ಸುದ್ದಿ. ಮೈಸೂರು–ಚಾಮರಾಜನಗರ ರೈಲು ನಮ್ಮ ಕವಲಂದೆ ಸ್ಟೇಷನ್ನಿಗೆ ಈ ವಾರ ಯಾವ ದಿನ ಎಷ್ಟು ತಡವಾಗಿ ಬಂತು ಎಂಬ ಪಟ್ಟಿ. ಟೊರಾಂಟೊದಲ್ಲಿ ಕೂತವರಿಗೆ ಇದರಿಂದ ಏನಾಗಬೇಕು? ಆದರೂ ಒಂದು ವಾರ ಹಾಕದಿದ್ದಾಗ, "ರೈಲು ನಿಂತುಹೋಯಿತೇ?" ಎಂದು ಅಲ್ಲಿಂದಲೇ ಮೊದಲ ವಿಚಾರಣೆ ಬಂದದ್ದು.

ದುಡ್ಡಿನ ಮಾತು. ಲಂಕೇಶರು 1980ರಲ್ಲಿ ತಮ್ಮ ವಾರಪತ್ರಿಕೆ ಶುರುಮಾಡಿ ಜಾಹೀರಾತಿಲ್ಲದೆ ನಡೆಸಿ ತೋರಿಸಿದರು. ನಾನೂ ಅದೇ ತತ್ವಕ್ಕೆ ಬದ್ಧ. ಯಾರೂ ಜಾಹೀರಾತು ಕೊಡಲು ಬಾರದ್ದರಿಂದ ಬದ್ಧನಾಗಿರುವುದು ಕಷ್ಟವೇನೂ ಆಗಿಲ್ಲ. ವರ್ಷಕ್ಕೆ ಇಂತಿಷ್ಟು ಚಂದಾ ಎಂದು ಪ್ರಕಟಿಸಿದೆ. ಹಣ ಬರಲಿಲ್ಲ, ಹುರುಳಿ ಬಂತು, ತೆಂಗಿನಕಾಯಿ ಬಂತು, ಒಬ್ಬರು ಒಂದು ಗೊನೆ ಬಾಳೆಕಾಯಿ ಜಗಲಿಯ ಮೇಲಿಟ್ಟು ಹೋದರು. ಅಣ್ಣನ ಮಗಳು 'ಕನ್ವರ್ಷನ್ ರೇಟ್' ಎಷ್ಟು ಎಂದು ಕೇಳಿದಳು. ಹುರುಳಿಯಿಂದ ಬಸ್ಸಾರಿಗೆ ನೂರಕ್ಕೆ ನೂರು ಎಂದೆ.

ಗಳಗನಾಥರಿಗೆ ಇದೆಲ್ಲ ಮೊದಲೇ ಗೊತ್ತಿತ್ತೆಂದು ತೋರುತ್ತದೆ. ಹಾವೇರಿ ಕಡೆಯ ಆ ಮಹಾನುಭಾವರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಗಂಟು ಇಳಿಸಿದ ಮನೆಯ ಜಗಲಿಯಲ್ಲಿ ಕುಶಲ ಕೇಳದೆ, ನೀರು ಬೆಲ್ಲ ಮುಟ್ಟದೆ ಎದ್ದಿರಲಾರರು. ಪುಸ್ತಕ ಕೊಂಡವರು ಕಥೆಗೆ ಎಷ್ಟು ಕೊಟ್ಟರೋ, ಬಾಗಿಲಿಗೆ ಬಂದ ಮನುಷ್ಯನಿಗೆ ಎಷ್ಟು ಕೊಟ್ಟರೋ. ಹಾಸ್ಯಪತ್ರಿಕೆ 'ಕೊರವಂಜಿ'ಯನ್ನು 1942ರಿಂದ 25 ವರ್ಷ ನಡೆಸಿದ ರಾಶಿಯವರು ವೃತ್ತಿಯಲ್ಲಿ ವೈದ್ಯರು. ಓದುಗರ ನಾಡಿ ಹಿಡಿಯುವುದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ನನ್ನ ಕೈಗೆ ಸಿಕ್ಕಿರುವುದು ಯಂತ್ರದ ಗ್ರಾಫು.

ಗ್ರಾಫು ಒಮ್ಮೆ ಇಳಿಯಿತು. ಪ್ರತಿ ಕಾಗದದ ಅಡಿಯಲ್ಲೂ 'ಬೇಡವಾದರೆ ಇಲ್ಲಿ ಒತ್ತಿ' ಎಂಬ ಸಾಲಿರುತ್ತದೆ. ಅದನ್ನು ನಮ್ಮ ಭಾವನವರು ಒತ್ತಿದ್ದರು. ಮುಯ್ಯಿ ವಾಪಸು ಕೊಟ್ಟಂತೆ! ನಾನು ಕಂಗಾಲಾಗಿ ಕೂತಿದ್ದಾಗ ನಮ್ಮನೆಯವಳು ಬೀರುವಿನಿಂದ ನಿಜವಾದ ಮುಯ್ಯಿ ಪುಸ್ತಕವನ್ನೇ ತೆಗೆದಳು. ಪುಟ ತಿರುವಿ, ಬೆರಳಿಟ್ಟು, "ಅವರ ಮೊಮ್ಮಗನ ನಾಮಕರಣಕ್ಕೆ ನಾವು ಬೆಳ್ಳಿ ಲೋಟ ಕೊಟ್ಟಿದ್ದೀವಿ. ಅವರು ಬಿಟ್ಟು ಹೋಗಕ್ಕಾಗಲ್ಲ, ಸುಮ್ಮನಿರಿ" ಎಂದಳು. ಮೂರನೆಯ ದಿನ ಭಾವನವರು ಮತ್ತೆ ಸೇರಿದರು. ಚಂದಾದಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಪಾಠ ಹೇಳುವವರು ಬೆಳ್ಳಿ ಲೋಟದ ವಿಷಯ ಎತ್ತಿದ್ದನ್ನು ನಾನು ಕೇಳಿಲ್ಲ.

ಸದ್ಯಕ್ಕೆ ನನ್ನ ಅತ್ಯುತ್ತಮ ಚಂದಾದಾರರು ಚಿಕ್ಕ ಕವಲಂದೆಯ ಒಬ್ಬ ತಾತ. ಮೊಮ್ಮಗಳು ಓದಿ ಹೇಳುತ್ತಾಳೆ, ಇವರು ಕೇಳುತ್ತಾರೆ. ತೀರಿಕೊಂಡವರ ಬಗ್ಗೆ ನಾನು ಬರೆಯುವ ನಾಲ್ಕು ಸಾಲು ಅವರಿಗೆ ಬಹಳ ಹಿಡಿಸಿತಂತೆ. ಒಂದು ದಿನ ಬೆಳಿಗ್ಗೆಯೇ ಮನೆಗೆ ಬಂದು, "ನಂದೂ ಬರ್ದು ತೋರ್ಸಪ್ಪ" ಎಂದರು. ಅಪಶಕುನ, ಈಗಲೇ ಯಾಕೆ ಎಂದೆ. "ಸತ್ಮೇಲ ನೋಡಕ್ಕಾಯ್ತದಾ?" ಎಂದರು. ಬರೆದು ಓದಿ ಹೇಳಿದೆ. ಸರಳ ಸಜ್ಜನ ಎಂದದ್ದನ್ನು ಒಪ್ಪಲಿಲ್ಲ. "ಸರಳ ತಗಿ, ಕೋರ್ಟಲ್ಲಿ ಗೆದ್ದೋನು ಅಂತ ಹಾಕು" ಎಂದರು. ಬಾವಿಯ ತಕರಾರಿನಲ್ಲಿ ನ್ಯಾಯ ತಮ್ಮ ಕಡೆಗಿತ್ತೆಂದು ಒಂದು ಪ್ಯಾರಾ ಸೇರಿಸಿದರು. ಎದುರು ಪಕ್ಷದವರೂ ಓದಬೇಕಲ್ಲ ಎಂದು ಅವರ ಮನೆಯವರೆಲ್ಲರ ಫೋನು ಹಿಡಿಸಿ ಚಂದಾದಾರರನ್ನಾಗಿ ಮಾಡಿಸಿದರು. ತಾತ ಗಟ್ಟಿಮುಟ್ಟಾಗಿದ್ದಾರೆ, ಕಾಗದ ಹೊರಡುವ ಹಿಂದಿನ ರಾತ್ರಿ ಫೋನು ಮಾಡಿ ಇನ್ನೊಂದು ಸಾಲು ಸೇರಿಸಲು ಹೇಳುತ್ತಾರೆ. ಅವರ ಆಯುಸ್ಸು ಹೀಗೇ ಗಟ್ಟಿಯಾಗಿರಲಿ. ಆ ಲೇಖನ ಈಗಾಗಲೇ ಒಂದು ಸಂಚಿಕೆಯಲ್ಲಿ ಹಿಡಿಸುವಂತಿಲ್ಲ, ಧಾರಾವಾಹಿಯಾಗಿ ಹಾಕಬೇಕಾಗುತ್ತದೆ. ಅದು ಮುಗಿಯುವವರೆಗೆ ಎದುರು ಪಕ್ಷದವರು ಚಂದಾ ಬಿಡುವ ಹಾಗಿಲ್ಲ.